ಚಂದ್ರಿ ಹೋದ ಮೇಲೆ

'ಸಂಸ್ಕಾರ' ಕಾದಂಬರಿಯಲ್ಲಿ ಒಂದು ಹೆಣ ಇದೆ. ಅದನ್ನು ಯಾರು ಸುಡಬೇಕು ಅನ್ನೋದೇ ಕಥೆ. ಇಷ್ಟು ಕನ್ನಡ ಓದುವ ಎಲ್ಲರಿಗೂ ಗೊತ್ತು, ಪುಸ್ತಕ ಮುಟ್ಟದವರಿಗೂ ಗೊತ್ತು. ಆದರೆ ಕೊನೆಗೆ ಯಾರು ಸುಟ್ಟರು ಅಂತ ಕೇಳಿ ನೋಡಿ. ಓದಿದವರೂ ಒಂದು ಗಳಿಗೆ ತಡವರಿಸುತ್ತಾರೆ. ಪ್ರಾಣೇಶಾಚಾರ್ಯರು ನೆನಪಿರುತ್ತಾರೆ. ಕಾಡಿನ ಆ ರಾತ್ರಿಯಂತೂ ಚೆನ್ನಾಗಿಯೇ ನೆನಪಿರುತ್ತದೆ. ಬಂಗಾರ ಕಂಡು ಬಾಯಲ್ಲಿ ನೀರೂರಿಸಿಕೊಂಡ ಬ್ರಾಹ್ಮಣರೂ ನೆನಪಿರುತ್ತಾರೆ. ಮೀನು ವ್ಯಾಪಾರದ ಅಹಮದ್ ಬ್ಯಾರಿ ನಡುರಾತ್ರಿ ಗಾಡಿ ಹೂಡಿಕೊಂಡು ಬಂದದ್ದು ಮಾತ್ರ ಬಹಳ ಜನಕ್ಕೆ ಮರೆತೇ ಹೋಗಿರುತ್ತದೆ.

ಧಾರವಾಡದವರಿಗೆ ಈ ಪುಸ್ತಕದ ಮೇಲೆ ಸ್ವಲ್ಪ ಹಕ್ಕಿದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಕಥೆ ನಡೆಯೋದು ಮಲೆನಾಡಿನಲ್ಲಿ. ಬರೆದ ಯು.ಆರ್. ಅನಂತಮೂರ್ತಿ ತೀರ್ಥಹಳ್ಳಿ ಸೀಮೆಯ ಮೇಳಿಗೆಯವರು. ಬರೆದದ್ದು ದೂರದ ಬರ್ಮಿಂಗ್‌ಹ್ಯಾಮಿನಲ್ಲಿ, ಪಿಎಚ್‌ಡಿ ಮಾಡುತ್ತಿದ್ದಾಗ. ಆದರೆ 1965ರಲ್ಲಿ ಅದನ್ನು ಪ್ರಕಟಿಸಿದ್ದು ನಮ್ಮ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಸಂಸ್ಥೆ ಅದು. ಸಾಹಿತಿಗಳು ಸೇರುತ್ತಿದ್ದ ಅವರ 'ಅಟ್ಟ'ದ ಕಥೆಗಳನ್ನು ಕೇಳದೆ ಧಾರವಾಡದಲ್ಲಿ ಯಾರೂ ಸಾಹಿತ್ಯದ ಹುಚ್ಚು ಹಚ್ಚಿಕೊಂಡಿಲ್ಲ. ಗದಗಿನ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಅಲ್ಲಿ ಕೂತು ಓದಿ, ತೂಗಿ, ಹೇಳುತ್ತಿದ್ದರು. ಗಿರೀಶ ಕಾರ್ನಾಡರ ನಾಟಕ 'ಯಯಾತಿ' 1961ರಲ್ಲಿ ಹೊರಬಂದದ್ದೂ ಅದೇ ಅಟ್ಟದಿಂದ. ಮುಂದೆ 'ಸಂಸ್ಕಾರ' ಸಿನಿಮಾ ಆದಾಗ ಪ್ರಾಣೇಶಾಚಾರ್ಯರ ಪಾತ್ರ ಮಾಡಿದ್ದು ಇದೇ ಕಾರ್ನಾಡರು. ಹೀಗಾಗಿ ಈ ಕಾದಂಬರಿ ನಮ್ಮೂರಲ್ಲಿ ಮನೆಯ ಮಾತು.

ಮನೆಯ ಮಾತು ಆದದ್ದರಿಂದಲೇ ಅದನ್ನು ಯಾರೂ ಸರಿಯಾಗಿ ಓದುವುದಿಲ್ಲ ಅನ್ನೋದು ನನ್ನ ತಕರಾರು. ಮಾಳಮಡ್ಡಿಯ ಒಂದು ಮನೆಯಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಸೇರುತ್ತೇವೆ. ಒಬ್ಬರು ನಿವೃತ್ತ ಕನ್ನಡ ಮಾಸ್ತರು. ಒಬ್ಬಳು ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವ ಹಾವೇರಿ ಕಡೆಯ ಹುಡುಗಿ. ಒಬ್ಬರು ಔಷಧ ಕಂಪನಿಯ ಕೆಲಸದವರು, ಅವರು ಹೆಚ್ಚಾಗಿ ಗಿರಮಿಟ್ಟಿಗಾಗಿಯೇ ಬರುತ್ತಾರೆ ಅಂತ ನಮ್ಮ ಅನುಮಾನ. ಮನೆಯೊಡತಿ ಅಡುಗೆಮನೆಗೂ ಹೊರಗಿನ ಕೋಣೆಗೂ ಓಡಾಡುತ್ತ ಅರ್ಧ ಕೇಳಿಸಿಕೊಳ್ಳುತ್ತಾರೆ. ಹೋದ ತಿಂಗಳು 'ಸಂಸ್ಕಾರ' ತೆಗೆದುಕೊಂಡೆವು. ಅಲ್ಲಿ ಆದ ಜಗಳ ಇನ್ನೂ ನನ್ನ ತಲೆಯಲ್ಲಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ದುರ್ವಾಸಪುರ ಒಂದು ಮಾಧ್ವ ಅಗ್ರಹಾರ. ಅಲ್ಲಿ ನಾರಣಪ್ಪ ಎಂಬ ಹಟಮಾರಿ. ಕುಡಿಯುತ್ತಾನೆ, ಮಾಂಸ ತಿನ್ನುತ್ತಾನೆ. ಸಾಲಿಗ್ರಾಮವನ್ನು ಹೊಳೆಗೆ ಎಸೆದಿದ್ದಾನೆ. ದೇವರ ಹೊಂಡದ ಮೀನು ಹಿಡಿಸಿದ್ದಾನೆ. ಕುಂದಾಪುರದಿಂದ ಚಂದ್ರಿಯನ್ನು ಕರೆತಂದು ಮನೆಯಲ್ಲಿ ಇಟ್ಟುಕೊಂಡಿದ್ದಾನೆ. ಬಹಿಷ್ಕಾರ ಹಾಕಿದರೆ ಮುಸಲ್ಮಾನನಾಗುತ್ತೇನೆ ಅಂತ ಹೆದರಿಸಿದ್ದರಿಂದ ಯಾರೂ ಹಾಕಿಲ್ಲ. ಇಂಥವನು ಶಿವಮೊಗ್ಗಕ್ಕೆ ಹೋಗಿ, ಜ್ವರ ಹಚ್ಚಿಕೊಂಡು ಬಂದು ಸಾಯುತ್ತಾನೆ. ಅವನ ಹೆಣ ಸುಡುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಸುಟ್ಟರೆ ಜಾತಿ ಕೆಡುತ್ತದೆ. ಸುಡದಿದ್ದರೆ ಹೊಟ್ಟೆ ಹಸಿಯುತ್ತದೆ. ಖರ್ಚಿಗೆ ಇರಲಿ ಅಂತ ಚಂದ್ರಿ ತನ್ನ ಮೈಮೇಲಿನ ಬಂಗಾರ ಬಿಚ್ಚಿ ಇಟ್ಟ ಮೇಲಂತೂ ಕೆಲವರ ಧರ್ಮಸೂಕ್ಷ್ಮ ಬೇರೆ ದಿಕ್ಕಿಗೆ ಓಡತೊಡಗುತ್ತದೆ. ಪಂಡಿತರಾದ ಪ್ರಾಣೇಶಾಚಾರ್ಯರು ತಾಳೆಗರಿಯಲ್ಲಿ ಉತ್ತರ ಹುಡುಕುತ್ತಾರೆ, ಸಿಗುವುದಿಲ್ಲ. ಮಾರುತಿ ಗುಡಿಗೆ ಹೋಗಿ ದೇವರ ಬಲಗಡೆಯ ಹೂ ಬೀಳಲಿ ಅಂತ ಕಾಯುತ್ತಾರೆ, ಬೀಳುವುದಿಲ್ಲ. ವಾಪಸು ಬರುವಾಗ ಕತ್ತಲ ಕಾಡಿನಲ್ಲಿ ಚಂದ್ರಿ ಅವರ ಕಾಲಿಗೆ ಬೀಳುತ್ತಾಳೆ. ಆ ರಾತ್ರಿ ಇಬ್ಬರೂ ಕೂಡುತ್ತಾರೆ.

ಈ ಪುಸ್ತಕ ಬಂದಾಗ ಆದ ಗದ್ದಲ, ಸಿನಿಮಾ ಬಂದಾಗ ಇನ್ನೂ ಜಾಸ್ತಿ ಆಯಿತು. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಚಿತ್ರಕ್ಕೆ ಮದರಾಸಿನ ಸೆನ್ಸಾರಿನವರು ಮೊದಲು ಅನುಮತಿಯನ್ನೇ ಕೊಡಲಿಲ್ಲ. ನಿಷೇಧ ತೆರವಾದ ಮೇಲೆ 1970ರ ಸಾಲಿನ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಕನ್ನಡಕ್ಕೆ ಆ ಗೌರವ ಅದೇ ಮೊದಲು. 1976ರಲ್ಲಿ ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದರು, ಆಮೇಲೆ ಪ್ರಪಂಚವೆಲ್ಲ ಓದಿತು. ಈ ಎಲ್ಲ ಗದ್ದಲದಲ್ಲಿ ಜಗಳದ ವಿಷಯ ಮಾತ್ರ ಒಂದೇ ಆಗಿತ್ತು. ಬ್ರಾಹ್ಮಣರನ್ನು ಅವಮಾನ ಮಾಡಿದ್ದಾರೆ ಅಂತ ಒಂದು ಕಡೆ. ಬ್ರಾಹ್ಮಣ್ಯದ ಟೊಳ್ಳು ಬಯಲು ಮಾಡಿದ್ದಾರೆ ಅಂತ ಇನ್ನೊಂದು ಕಡೆ. ಬೈದವರೂ ಚಪ್ಪಾಳೆ ಹೊಡೆದವರೂ ನೋಡುತ್ತಿದ್ದದ್ದು ಅದೇ ಅಗ್ರಹಾರದ ಅದೇ ಜಗಲಿಯನ್ನು. ಹೆಣ ಹೊತ್ತ ಗಾಡಿ ಯಾವ ದಾರಿಯಲ್ಲಿ ಹೋಯಿತು ಅಂತ ಇಬ್ಬರೂ ನೋಡಲಿಲ್ಲ.

ಈಗ ಚೆಲುವಿನ ವಿಷಯಕ್ಕೆ ಬರುತ್ತೇನೆ. ಯಾಕೆಂದರೆ ಈ ಕಾದಂಬರಿಯಲ್ಲಿ ನನ್ನನ್ನು ಮತ್ತೆ ಮತ್ತೆ ಎಳೆಯೋದು ಅದೇ.

ಅಗ್ರಹಾರದ ಮನೆಗಳ ಹಿತ್ತಿಲಲ್ಲಿ ಹೂವಿನ ಗಿಡಗಳಿವೆ. ಆ ಹೂವೆಲ್ಲ ದೇವರಿಗೆ. ನಾರಣಪ್ಪನ ಮನೆಯ ಮುಂದೆ ರಾತ್ರಿರಾಣಿ ಇದೆ. ಅದು ಚಂದ್ರಿಯ ತುರುಬಿಗೆ. ಪೂಜೆಗೆ ಬಾರದ ಹೂವು, ಸುಮ್ನೆ ವಾಸನೆಗಾಗಿ ಬೆಳೆಸಿದ ಗಿಡ. ರಾತ್ರಿ ಆದರೆ ಅದರ ಕಂಪು ಬೇಲಿ ದಾಟಿ ಇಡೀ ಅಗ್ರಹಾರಕ್ಕೆ ಹರಡುತ್ತದೆ. ಬಹಿಷ್ಕಾರ ಹಾಕಬಹುದು, ವಾಸನೆಗೆ ಬೇಲಿ ಹಾಕೋದು ಹೇಗೆ? ಅನಂತಮೂರ್ತಿ ಇದನ್ನು ವಾದ ಮಾಡಿ ಹೇಳುವುದಿಲ್ಲ. ಗಿಡ ನೆಟ್ಟು ಸುಮ್ಮನಾಗುತ್ತಾರೆ. ಕೆಲವು ಪುಟಗಳ ನಂತರ ಅದೇ ಮನೆಯಿಂದ ಹೆಣದ ನಾತ ಬರತೊಡಗುತ್ತದೆ. ಅದೂ ಬೇಲಿ ದಾಟುತ್ತದೆ, ಅದೂ ಎಲ್ಲರ ಮೂಗಿಗೆ ಬಡಿಯುತ್ತದೆ. ಒಂದೇ ಮನೆ, ಒಂದೇ ಗಾಳಿ. ನನಗೆ ಕನ್ನಡದಲ್ಲಿ ಇಷ್ಟು ಜಾಣತನದಿಂದ ಮೂಗಿನ ಮೂಲಕ ಕಥೆ ಹೇಳಿದ ಇನ್ನೊಂದು ಕಾದಂಬರಿ ಥಟ್ಟನೆ ನೆನಪಿಗೆ ಬರುವುದಿಲ್ಲ.

ಇನ್ನೊಂದು ಕಡೆ ಶಕುಂತಲೆ ಬರುತ್ತಾಳೆ. ಆಚಾರ್ಯರು ಸಂಜೆ ಪುರಾಣ ಹೇಳುವಾಗ ಕಾಳಿದಾಸನ ವರ್ಣನೆಯನ್ನು ರಸವತ್ತಾಗಿ ಹೇಳುತ್ತಾರೆ. ಅವರಿಗೆ ಅದು ಕಾವ್ಯ. ಕೇಳುತ್ತಿದ್ದ ಶ್ರೀಪತಿ ಎಂಬ ಹುಡುಗನಿಗೆ ಅದು ಕಾವ್ಯವಾಗಿ ಉಳಿಯುವುದಿಲ್ಲ. ಎದ್ದು ಹೊಳೆಯ ಕಡೆ ನಡೆಯುತ್ತಾನೆ. ಅಲ್ಲಿ ಬೆಳದಿಂಗಳಲ್ಲಿ ಬೆಳ್ಳಿ ಸಿಗುತ್ತಾಳೆ. ಹೊಲಗೇರಿಯ ಹುಡುಗಿ. ನಾರಣಪ್ಪ ಬದುಕಿದ್ದಾಗ ಇದನ್ನೇ ಹಿಡಿದು ಆಚಾರ್ಯರನ್ನು ಚುಚ್ಚಿರುತ್ತಾನೆ. ನೀವು ಹೇಳುವ ಪುರಾಣ ಕೇಳಿ ಹುಡುಗರು ಏನು ಮಾಡುತ್ತಾರೆ ಗೊತ್ತಾ ಅನ್ನುವ ಧಾಟಿ. ಆಚಾರ್ಯರಲ್ಲಿ ಇದಕ್ಕೆ ಉತ್ತರ ಇಲ್ಲ. ಚೆಲುವನ್ನು ಬಾಯಲ್ಲಿ ಹೇಳಬಹುದು, ಕಿವಿಯಲ್ಲಿ ಕೇಳಬಹುದು, ಕೈಯಲ್ಲಿ ಮುಟ್ಟಬಾರದು. ಅಗ್ರಹಾರದ ಕಾನೂನು ಅದು. ನಾರಣಪ್ಪ ಅದನ್ನು ಮುರಿದ, ಅಷ್ಟೇ.

ಇಲ್ಲಿಯ ತನಕ ನಮ್ಮ ಗುಂಪಿನಲ್ಲಿ ಜಗಳ ಇರಲಿಲ್ಲ. ಮಾಸ್ತರು ರಾತ್ರಿರಾಣಿಯ ಭಾಗವನ್ನು ಓದಿ ಹೇಳಿದರು. ಅವರ ದನಿ ಇನ್ನೂ ಕ್ಲಾಸಿನ ಕೊನೇ ಬೆಂಚಿಗೆ ಕೇಳುವಷ್ಟು ಗಟ್ಟಿ. ಓದು ಮುಗಿದ ಮೇಲೆ ಹಾವೇರಿ ಹುಡುಗಿ ನಿಧಾನವಾಗಿ ಬಾಯಿ ತೆರೆದಳು.

"ಸರ್, ಇದರೊಳಗ ಹೆಣ್ಮಕ್ಕಳು ಬರೇ ಮೈ ಅಷ್ಟ ಅದಾರ್ರೀ."

ಮಾಸ್ತರು ಕನ್ನಡಕ ತೆಗೆದರು. ಹುಡುಗಿ ಬಿಡಲಿಲ್ಲ. ಅಗ್ರಹಾರದ ಹೆಂಗಸರನ್ನೆಲ್ಲ ಒಣಕಲು, ಮೋಟುಜಡೆ, ಗುಳಿಬಿದ್ದ ಕೆನ್ನೆ ಅಂತ ತೋರಿಸುತ್ತಾರೆ. ಚಂದ್ರಿ, ಬೆಳ್ಳಿ ಬಂದ ಕೂಡಲೇ ಮಾತು ಉಕ್ಕುತ್ತದೆ, ಮಣ್ಣಿನ ಬಣ್ಣ, ಎದೆ, ಸೊಂಟ ಎಲ್ಲ ಬರುತ್ತದೆ. ಮೇಲಿನ ಜಾತಿಯವಳಿಗೆ ಮೈಯೇ ಇಲ್ಲ, ಕೆಳಗಿನ ಜಾತಿಯವಳಿಗೆ ಮೈ ಬಿಟ್ಟು ಬೇರೆ ಇಲ್ಲ. ಇದು ಯಾರ ಕಣ್ಣು ಸರ್, ಆಚಾರ್ಯರದಾ, ಬರೆದವರದಾ? ಅವಳು ಕೇಳಿದ್ದು ಇಷ್ಟು.

ಈ ಆಕ್ಷೇಪ ಹೊಸದಲ್ಲ. ವಿಮರ್ಶಕರು ಹಿಂದೆಯೇ ಎತ್ತಿದ್ದಾರೆ. ಆದರೆ ಓದಿ ತಿಳಿದುಕೊಳ್ಳೋದು ಬೇರೆ, ಎದುರಿಗೆ ಕೂತ ಇಪ್ಪತ್ತರ ಹುಡುಗಿ ಮುಖ ಕೆಂಪು ಮಾಡಿಕೊಂಡು ಹೇಳೋದು ಬೇರೆ. ನಾನು ಅವಳ ಮಾತನ್ನು ಮುಕ್ಕಾಲು ಒಪ್ಪುತ್ತೇನೆ. ಕಾಲು ಭಾಗ ಯಾಕೆ ಒಪ್ಪುವುದಿಲ್ಲ ಅಂದರೆ, ಚಂದ್ರಿಗೆ ಈ ಪುಸ್ತಕದಲ್ಲಿ ಒಂದು ಮನಸ್ಸೂ ಇದೆ. ಕಾಡಿನಲ್ಲಿ ಆಚಾರ್ಯರಿಗೆ ಹಸಿವಾದಾಗ ಬಾಳೆಹಣ್ಣು ತಿನ್ನಿಸುವವಳು ಅವಳು. ಇಂಥ ಪುಣ್ಯವಂತರಿಂದ ಗರ್ಭ ಧರಿಸಬೇಕು ಅಂತ ಅವಳ ತಾಯಿ ಹಿಂದೆ ಹೇಳಿದ ಮಾತು ಅವಳಿಗೆ ನೆನಪಾಗುತ್ತದೆ. ಆಚಾರ್ಯರ ಪಾಲಿಗೆ ಇಡೀ ಲೋಕ ತಲೆಕೆಳಗಾದ ಗಳಿಗೆ ಅದು. ಚಂದ್ರಿಯ ಪಾಲಿಗೆ ಅದರಲ್ಲಿ ಪಾಪದ ಮಾತೇ ಇಲ್ಲ, ಒಂದು ಆಸೆ ಇದೆ, ಒಂದು ಲೆಕ್ಕ ಇದೆ. ಒಂದೇ ರಾತ್ರಿಯಲ್ಲಿ ಇಬ್ಬರೂ ಬೇರೆ ಬೇರೆ ಊರಿನಲ್ಲಿದ್ದಾರೆ. ಬರೆದವರಿಗೆ ಅದು ಗೊತ್ತಿತ್ತು. ಗೊತ್ತಿಲ್ಲದೆ ಆ ತಾಯಿಯ ಮಾತು ಅಲ್ಲಿ ಬರುತ್ತಿರಲಿಲ್ಲ.

ಆಮೇಲೆ ಅವಳು ಏನು ಮಾಡುತ್ತಾಳೆ ನೋಡಿ. ಬೆಳಗ್ಗೆ ಎಲ್ಲರೆದುರು ನಡೆದದ್ದನ್ನು ಹೇಳು ಅಂತ ಆಚಾರ್ಯರು ಅಂದಿರುತ್ತಾರೆ. ಆ ಒಳ್ಳೆಯವರ ಮಾನ ಯಾಕೆ ತೆಗೆಯಲಿ ಅಂತ ಅವಳು ಹೇಳುವುದಿಲ್ಲ. ಮನೆಗೆ ಹೋಗುತ್ತಾಳೆ. ಹೆಣದ ಮುಖ ನೋಡುತ್ತಾಳೆ. ಅದು ತನ್ನ ನಾರಣಪ್ಪ ಅಲ್ಲ, ಬ್ರಾಹ್ಮಣನೂ ಅಲ್ಲ, ಶೂದ್ರನೂ ಅಲ್ಲ, ಕೊಳೆಯುವ ಹೆಣ ಅಂತ ಅನ್ನಿಸುತ್ತದೆ. ಗಾಡಿ ಹೊಡೆಯುವ ಶೇಷಪ್ಪನ ಹತ್ತಿರ ಓಡುತ್ತಾಳೆ. ಬ್ರಾಹ್ಮಣರ ಹೆಣ ಮುಟ್ಟಿ ನರಕಕ್ಕೆ ಹೋಗೋದು ಯಾರು ಅಂತ ಅವನು ಹಿಂಜರಿಯುತ್ತಾನೆ. ಆಮೇಲೆ ಅಹಮದ್ ಬ್ಯಾರಿ. ನಾರಣಪ್ಪ ಹಿಂದೆ ಎತ್ತು ಕೊಳ್ಳಲು ಸಾಲ ಕೊಟ್ಟಿದ್ದ, ಆ ಋಣ ಅವನಿಗೆ ನೆನಪಿದೆ. ಗಾಡಿಯಲ್ಲಿ ಹೆಣ, ಸೌದೆ ಹೇರುತ್ತಾರೆ. ಕತ್ತಲಲ್ಲೇ ಸುಟ್ಟು ಬ್ಯಾರಿ ಹೊರಟುಹೋಗುತ್ತಾನೆ. ಚಂದ್ರಿ ಗಂಟು ಕಟ್ಟಿಕೊಂಡು ಕುಂದಾಪುರದ ಬಸ್ಸಿನ ದಾರಿ ಹಿಡಿಯುತ್ತಾಳೆ.

ಅಷ್ಟೇ. ಒಂದು ಪುಟದ ಆಚೆಈಚೆ. ಪುಟಗಟ್ಟಲೆ ಚರ್ಚೆ, ತಾಳೆಗರಿ, ಪಕ್ಕದ ಪಾರಿಜಾತಪುರಕ್ಕೆ ಯಾತ್ರೆ, ಮಠಕ್ಕೆ ಯಾತ್ರೆ ಇವೆಲ್ಲ ಮಾಡಲಾಗದ್ದು ಒಂದು ಎತ್ತಿನ ಗಾಡಿಯಲ್ಲಿ ಮುಗಿದು ಹೋಗುತ್ತದೆ. ಇದರ ಮಜಾ ಏನೆಂದರೆ ಅಗ್ರಹಾರದವರಿಗೆ ಇದು ತಿಳಿಯುವುದೇ ಇಲ್ಲ. ಸುಟ್ಟು ಬೂದಿಯಾದ ಹೆಣದ ಬಗ್ಗೆ ಅವರು ಚರ್ಚೆ ಮುಂದುವರಿಸುತ್ತಾರೆ. ಆ ಜಾಗಕ್ಕೆ ಬಂದಾಗ ನನಗೆ ಯಾವಾಗಲೂ ನಗು ಬರುತ್ತದೆ. ಊರ ತುಂಬ ಸಭೆ ನಡೆಸಿದವರನ್ನು ನೋಡಿದವರಿಗೆ ಈ ನಗು ಅರ್ಥವಾದೀತು.

ಪ್ಲೇಗಿನ ವಿಷಯ ಹೇಳದೆ ಮುಂದೆ ಹೋಗೋದು ಕಷ್ಟ. ಕಾದಂಬರಿಯಲ್ಲಿ ಇಲಿಗಳು ಹೊರಬಂದು ಗಿರಗಿರ ಸುತ್ತಿ ಸಾಯುತ್ತವೆ. ಹದ್ದುಗಳು ಬಂದು ಮಾಡಿನ ಮೇಲೆ ಕೂರುತ್ತವೆ. ಬ್ರಾಹ್ಮಣರು ಶಂಖ ಊದಿ ಜಾಗಟೆ ಬಡಿದು ಓಡಿಸುತ್ತಾರೆ. ಯಾರಿಗೂ ಅದು ರೋಗ ಅಂತ ಹೊಳೆಯುವುದಿಲ್ಲ, ನಾರಣಪ್ಪನ ಪ್ರೇತದ ಕಾಟ ಅಂದುಕೊಳ್ಳುತ್ತಾರೆ. ಅನಂತಮೂರ್ತಿ ಇಂಗ್ಲೆಂಡಿನಲ್ಲಿ ಸ್ವೀಡನ್ನಿನ ನಿರ್ದೇಶಕ ಬರ್ಗಮನ್‌ನ 'ಸೆವೆಂತ್ ಸೀಲ್' ಸಿನಿಮಾ ನೋಡಿದ್ದು ಈ ಕಾದಂಬರಿಗೆ ಒಂದು ಪ್ರೇರಣೆ ಅಂತ ತಾವೇ ಹೇಳಿಕೊಂಡಿದ್ದರು. ಅಲ್ಲೂ ಪ್ಲೇಗು, ಅಲ್ಲೂ ನಂಬಿಕೆಯ ಸಂಕಟ. ನಮ್ಮ ಕಡೆಯವರು ಇದನ್ನು ಅರ್ಥ ಮಾಡಿಕೊಳ್ಳಲು ಸ್ವೀಡನ್ನಿನ ತನಕ ಹೋಗಬೇಕಾಗಿಲ್ಲ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ರೈಲಿನ ಜೊತೆ ಇಡೀ ಪ್ರಾಂತ್ಯಕ್ಕೆ ಹರಡಿತು. 1898ರಲ್ಲಿ ಹುಬ್ಬಳ್ಳಿ-ಧಾರವಾಡಕ್ಕೆ ಹೊಡೆದ ಏಟು ಬಹಳ ದೊಡ್ಡದು. ಮುಂಬೈಯಲ್ಲಿ ಹಾಫ್‌ಕಿನ್ ತಯಾರಿಸಿದ ಹೊಸ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಆ ವರ್ಷ ಸಾವಿರಾರು ಜನಕ್ಕೆ ಚುಚ್ಚಿದರು. ಆಮೇಲೂ ರೋಗ ಆಗಾಗ ಮರಳಿ ಬರುತ್ತಿತ್ತು. ನಮ್ಮ ಆಯಿ ತನ್ನ ಅವ್ವನಿಂದ ಕೇಳಿದ್ದನ್ನು ಹೇಳುತ್ತಿದ್ದಳು. "ಇಲಿ ಬಿದ್ದೂವಂದ್ರ ಮುಗೀತು, ಕೀಲಿ ಹಾಕ್ಕೊಂಡು ಹೊಲದಾಗ ಗುಡಸಲಾ ಹಾಕೂದು." ಯಾರು ಸತ್ತರು, ಯಾರು ಹೊತ್ತರು ಅಂತ ಕೇಳಿದರೆ ಆಯಿ ಮಾತು ಬದಲಿಸುತ್ತಿದ್ದಳು.

2021ರ ಬೇಸಿಗೆಯಲ್ಲಿ ಆಯಿ ಯಾಕೆ ಮಾತು ಬದಲಿಸುತ್ತಿದ್ದಳು ಅನ್ನೋದಕ್ಕೆ ಒಂದು ಕಾರಣ ಕಂಡಿತು. ನನ್ನ ಜೊತೆ ಕೆಲಸ ಮಾಡುವ ಒಬ್ಬರ ತಂದೆ ಹುಬ್ಬಳ್ಳಿಯಲ್ಲಿ ಕೊರೋನಾದಿಂದ ತೀರಿಕೊಂಡರು. ಬಂಧುಗಳೆಲ್ಲ ಫೋನಿನಲ್ಲೇ ಅತ್ತರು. ಬರಲಿಲ್ಲ. ಬರಬೇಡಿ ಅಂತ ಸರ್ಕಾರವೇ ಹೇಳುತ್ತಿದ್ದ ಕಾಲ, ಅವರನ್ನು ಬೈಯೋದೂ ಸರಿಯಲ್ಲ. ಪಕ್ಕದ ಓಣಿಯ ಮಸೀದಿಯ ಕಡೆಯ ನಾಲ್ಕಾರು ಹುಡುಗರು ಆ ಬಿಳಿ ಕಿಟ್ಟು ಹಾಕಿಕೊಂಡು ಬಂದರು. ಅವರು ಮೊದಲು ಕೇಳಿದ ಪ್ರಶ್ನೆ ಇದಂತೆ. "ಅಣ್ಣಾ, ನಿಮ್ಮ ಪದ್ಧತಿ ಹೆಂಗೈತಿ ಹೇಳ್ರಿ, ಹಂಗ ಮಾಡೂಣು." ಬಾಯಿಗೆ ತುಳಸಿ ನೀರು ಬಿಡೋದರಿಂದ ಹಿಡಿದು ತಲೆ ಯಾವ ದಿಕ್ಕಿಗೆ ಅನ್ನೋ ತನಕ ಕೇಳಿಕೊಂಡು ಮಾಡಿದರು. ಆ ಥರ ಕೆಲಸ ಮಾಡಿದ ಹುಡುಗರು ಆಗ ಕರ್ನಾಟಕದ ಊರೂರಲ್ಲೂ ಇದ್ದರು, ಎಲ್ಲ ಜಾತಿ ಧರ್ಮದವರೂ ಇದ್ದರು. ನನ್ನ ಸಹೋದ್ಯೋಗಿ ಇವತ್ತಿಗೂ ಆ ದಿನದ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. ಆ ಹುಡುಗರಲ್ಲಿ ಒಬ್ಬರ ಹೆಸರೂ ಅವರಿಗೆ ಗೊತ್ತಿಲ್ಲ. ಕೇಳಿಕೊಳ್ಳುವ ಹೊತ್ತೇ ಅಲ್ಲ ಅದು.

ಅಹಮದ್ ಬ್ಯಾರಿಗೆ ಕಾದಂಬರಿಯಲ್ಲಿ ಹೆಸರಾದರೂ ಇದೆ. ಹೊಲಗೇರಿಯವರ ಪಾಡು ಅದಕ್ಕಿಂತ ಕೆಟ್ಟದು. ಅಗ್ರಹಾರದಲ್ಲಿ ಒಂದು ಹೆಣ ಸುಡೋದಕ್ಕೆ ಶಾಸ್ತ್ರ ತಡಕಾಡುತ್ತಿರುವ ಹೊತ್ತಿನಲ್ಲೇ ಅಲ್ಲೂ ಜ್ವರ ಬಂದು ಜನ ಸಾಯುತ್ತಿದ್ದಾರೆ. ಗುಡಿಸಲ ಸಮೇತ ಹೆಣಕ್ಕೆ ಬೆಂಕಿ ಹಚ್ಚುತ್ತಾರೆ. ಚಿನ್ನಿ ಎಂಬ ಹೆಣ್ಣು ಅಗ್ರಹಾರದ ಅಂಗಳಕ್ಕೆ ಬೇಡಲು ಬಂದಾಗ ಇದನ್ನು ಹೇಳುತ್ತಾಳೆ. ಕೇಳಿಸಿಕೊಂಡವರಿಗೆ ಅದರ ಕಡೆ ಗಮನವೇ ಇಲ್ಲ. ಅವರ ತಲೆಯ ತುಂಬ ನಾರಣಪ್ಪನ ಹೆಣ. ನಾನು ಹೇಳೋದು, ಓದುವವರ ತಲೆಯ ತುಂಬಾನೂ ನಾರಣಪ್ಪನ ಹೆಣವೇ. ನಮ್ಮ ಗುಂಪಿನಲ್ಲಿ ಎಷ್ಟು ಜನಕ್ಕೆ ಈ ಭಾಗ ನೆನಪಿದೆ ಅಂತ ಕೇಳಿದೆ. ಹುಡುಗಿ ಒಬ್ಬಳೇ ಕೈ ಎತ್ತಿದಳು. ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡೇ ಬಂದಿದ್ದಳು.

ಇಲ್ಲಿಂದ ಜಗಳ ಕಾವೇರಿತು. ಮಾಸ್ತರ ವಾದ ತಳ್ಳಿಹಾಕುವಂಥದ್ದಲ್ಲ. ಕಾದಂಬರಿ ಬೇಕೆಂತಲೇ ಹಾಗೆ ಬರೆದಿದೆ ಅಂದರು. ಒಂದು ಹೆಣಕ್ಕೆ ನೂರು ಪುಟ, ಹೊಲಗೇರಿಯ ಹೆಣಗಳಿಗೆ ನಾಲ್ಕು ಸಾಲು. ಈ ಅಳತೆಯೇ ಟೀಕೆ. ಆಚಾರ್ಯರಂಥವರ ಕಣ್ಣಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅಂತ ತೋರಿಸಬೇಕಾದರೆ ಕಥೆ ಅವರ ತಲೆಯೊಳಗೇ ಕೂರಬೇಕು. ಚಂದ್ರಿ ಹೋದ ಮೇಲೆ ಅವಳು ಕಾಣದಿರೋದಕ್ಕೂ ಕಾರಣ ಅದೇ. ಅವರ ಕಣ್ಣಿನಿಂದ ಅವಳು ಮರೆಯಾದಳು, ನಮ್ಮ ಕಣ್ಣಿನಿಂದಲೂ ಆದಳು.

ಹುಡುಗಿ ಚಹಾ ಕಪ್ಪು ಕೆಳಗಿಟ್ಟಳು. "ಕಥಿ ಅವರ ತಲಿಯೊಳಗ ಕುಂತಿದ್ರ, ಬ್ಯಾರಿ ಗಾಡಿ ಹೆಂಗ ಕಂಡಿತ್ರೀ ಸರ್?"

ಔಷಧ ಕಂಪನಿಯವರು ಗಿರಮಿಟ್ಟು ತಿನ್ನೋದನ್ನೇ ನಿಲ್ಲಿಸಿದರು.

ಯೋಚಿಸಿ ನೋಡಿ, ಅವಳು ಕೇಳಿದ್ದು ಸರಿ. ಈ ಕಾದಂಬರಿ ಆಚಾರ್ಯರ ತಲೆಯಲ್ಲೇ ಇರುವುದಿಲ್ಲ. ಹಸಿವು ತಾಳಲಾರದೆ ಪಾರಿಜಾತಪುರಕ್ಕೆ ಹೋಗಿ ಗುಟ್ಟಾಗಿ ಹೊಟ್ಟೆ ತುಂಬಿಸಿಕೊಳ್ಳುವ ದಾಸಾಚಾರ್ಯನ ಜೊತೆ ಹೋಗುತ್ತದೆ. ಶ್ರೀಪತಿಯ ಜೊತೆ ಹೊಳೆಗೆ ಹೋಗುತ್ತದೆ. ಚಂದ್ರಿಯ ಜೊತೆ ಹೆಣದ ತನಕ, ಗಾಡಿಯ ತನಕ, ಕಾಡಿನ ದಾರಿಯ ತನಕ ಹೋಗುತ್ತದೆ. ಅಲ್ಲಿಗೆ ಅವಳ ಕೈ ಬಿಡುತ್ತದೆ. ಮೂರನೆಯ ಭಾಗದಲ್ಲಿ ಅದು ಪೂರ್ತಿಯಾಗಿ ಆಚಾರ್ಯರದು. ಹೆಂಡತಿಯನ್ನು ಸುಟ್ಟು, ಅಗ್ರಹಾರ ಬಿಟ್ಟು ನಡೆಯುತ್ತಾರೆ. ಪುಟ್ಟ ಎಂಬ ಮಾಲೇರ ಜಾತಿಯವನು ಜೊತೆಯಾಗುತ್ತಾನೆ, ಬಾಯಿ ಮುಚ್ಚದ ಮನುಷ್ಯ. ಮೇಳಿಗೆಯ ತೇರು, ಕೋಳಿ ಅಂಕ, ಪದ್ಮಾವತಿಯ ಮನೆ. ಹೇಳಲೋ ಬೇಡವೋ, ಹೋಗಲೋ ಇರಲೋ. ಕುಂದಾಪುರಕ್ಕೆ ಹೋಗಿ ಚಂದ್ರಿಯ ಜೊತೆ ಇದ್ದುಬಿಡಲೇ ಅಂತಲೂ ಒಮ್ಮೆ ಬರುತ್ತದೆ. ಆದರೆ ಅದು ಅವರ ಮುಂದಿರುವ ದಾರಿಗಳಲ್ಲಿ ಒಂದು ದಾರಿ. ಅಲ್ಲಿ ಅವಳು ಏನು ಮಾಡುತ್ತಿರಬಹುದು ಅನ್ನೋ ಪ್ರಶ್ನೆ ಅಲ್ಲ.

ಆ ಮೂರನೆಯ ಭಾಗ ನವ್ಯ ಸಾಹಿತ್ಯದ ಓದುಗರಿಗೆ ಬಹಳ ಪ್ರೀತಿ. ಆಯ್ಕೆ, ಒಂಟಿತನ, ಅಸ್ತಿತ್ವ ಅಂತೆಲ್ಲ ಅದರ ಮೇಲೆ ಬರೆದದ್ದು ಕಡಿಮೆಯಿಲ್ಲ. ತೇರಿನ ಗದ್ದಲದ ವರ್ಣನೆ ನನಗೂ ಇಷ್ಟ. ಸೋಡಾ ಬಾಟಲಿ, ಬೊಂಬೆ ಡಬ್ಬಿ, ಕಾಫಿ ಅಂಗಡಿ, ಅದರ ನಡುವೆ ತನ್ನನ್ನು ಯಾರು ಗುರುತು ಹಿಡಿಯುತ್ತಾರೋ ಅಂತ ಹೆದರಿ ನಡೆಯುವ ಪಂಡಿತ. ಚೆನ್ನಾಗಿದೆ. ಆದರೆ ದುರಂತ ಅದಲ್ಲ ಅಂತ ನನಗೆ ಅನ್ನಿಸುತ್ತದೆ. ಆಚಾರ್ಯರಿಗೆ ದಾರಿ ಇದೆ. ಹತ್ತಿ ಕೂರಲು ಕೊನೆಗೆ ಗಾಡಿಯೂ ಸಿಗುತ್ತದೆ. ತಪ್ಪು ಮಾಡಿ, ಅದನ್ನು ತೂಗಿ ನೋಡಿ, ಹೇಳಿಕೊಂಡು ಹಗುರಾಗುವ ಅವಕಾಶ ಇದೆ. ಇಷ್ಟೆಲ್ಲ ಇರುವವರ ಕಷ್ಟವನ್ನು ನಾನು ದುರಂತ ಅನ್ನಲಾರೆ, ಇಕ್ಕಟ್ಟು ಅನ್ನುತ್ತೇನೆ.

ಸಿನಿಮಾದಲ್ಲಿ ಚಂದ್ರಿಯ ಪಾತ್ರ ಮಾಡಿದವರು ಸ್ನೇಹಲತಾ ರೆಡ್ಡಿ. ನಿರ್ದೇಶಕರ ಹೆಂಡತಿ. 1976ರಲ್ಲಿ, ತುರ್ತುಪರಿಸ್ಥಿತಿಯಲ್ಲಿ, ಅವರನ್ನು ಹಿಡಿದು ಬೆಂಗಳೂರಿನ ಜೈಲಿಗೆ ಹಾಕಿದರು. ಅಸ್ತಮಾ ಇತ್ತು, ಒಳಗೆ ಜಾಸ್ತಿಯಾಯಿತು. ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಕಾದಂಬರಿಗೂ ಇದಕ್ಕೂ ಸಂಬಂಧ ಇಲ್ಲ ನಿಜ. ಆದರೂ ಸಿನಿಮಾದಲ್ಲಿ ಆ ಮುಖ ನೋಡುವಾಗ ಇದನ್ನು ಮರೆಯಲು ಆಗುವುದಿಲ್ಲ.

ನನ್ನ ಪ್ರಕಾರ ಈ ಕಾದಂಬರಿಯ ನಿಜವಾದ ದುರಂತ ಇರೋದು ಮೊದಲನೇ ಪುಟದಲ್ಲಿ. ಅಲ್ಲಿ ಭಾಗೀರಥಿ ಇದ್ದಾಳೆ. ಆಚಾರ್ಯರ ಹೆಂಡತಿ. ರೋಗದಿಂದ ಒಣಗಿದ ಮೈ. ದಿನಾ ಅವಳಿಗೆ ಸ್ನಾನ ಮಾಡಿಸುವುದರಿಂದ ಆಚಾರ್ಯರ ದಿನ ಶುರು, ಕಾದಂಬರಿಯೂ ಅಲ್ಲಿಂದಲೇ ಶುರು. ನನ್ನನ್ನು ಕಟ್ಟಿಕೊಂಡು ನಿಮಗೇನು ಸುಖ, ಇನ್ನೊಂದು ಮದುವೆ ಮಾಡಿಕೊಳ್ಳಿ ಅಂತ ಅವಳು ಅನ್ನುತ್ತಾಳೆ. ಅವರು ನಗುತ್ತಾರೆ. ಯಾಕೆಂದರೆ ರೋಗಿಷ್ಠೆ ಅಂತ ತಿಳಿದೇ ಮದುವೆಯಾಗಿದ್ದಾರೆ. ಅವಳ ಸೇವೆ ಅವರಿಗೆ ತಪಸ್ಸು, ಮೋಕ್ಷಕ್ಕೆ ಮೆಟ್ಟಿಲು. ಇದಕ್ಕಿಂತ ಕ್ರೂರವಾದ ಒಳ್ಳೆಯತನ ನಾನು ಪುಸ್ತಕದಲ್ಲಿ ಕಂಡದ್ದು ಕಡಿಮೆ. ಅವಳು ವಾಸಿಯಾಗಿಬಿಟ್ಟರೆ ಅವರ ತಪಸ್ಸು ಏನಾಗಬೇಕು? ನಾರಣಪ್ಪ ಚಂದ್ರಿಯನ್ನು ಸುಖಕ್ಕೆ ಇಟ್ಟುಕೊಂಡ ಅಂತ ಊರೆಲ್ಲ ಬೈಯಿತು. ಆಚಾರ್ಯರು ಭಾಗೀರಥಿಯನ್ನು ಪುಣ್ಯಕ್ಕೆ ಇಟ್ಟುಕೊಂಡರು, ಊರೆಲ್ಲ ಕೈ ಮುಗಿಯಿತು. ಕಾಡಿನ ರಾತ್ರಿಯ ನಂತರ ಮೊದಲ ಸಲ ಅವರಿಗೆ ಅವಳು ಕುರೂಪಿ ಅಂತ ಕಾಣುತ್ತಾಳೆ. ಚೆಲುವು ಏನೆಂದು ತಿಳಿದ ಕೂಡಲೇ ಅವರು ಕಲಿತದ್ದು ಅದು. ಅವಳು ಪ್ಲೇಗಿನಲ್ಲಿ ಸಾಯುತ್ತಾಳೆ. ಮೇಳಿಗೆಯ ಜಾತ್ರೆಯಲ್ಲಿ ಅವಳು ಅವರ ಮನಸ್ಸಿಗೆ ಬರುವುದು ಹೆಚ್ಚಾಗಿ ಸೂತಕವಾಗಿ. ಸೂತಕದಲ್ಲಿದ್ದು ದೇವಸ್ಥಾನದ ಊಟಕ್ಕೆ ಕೂತಿದ್ದೇನಲ್ಲ, ಯಾರಿಗಾದರೂ ಗೊತ್ತಾದರೆ ಅನ್ನುವ ಹೆದರಿಕೆ.

ನಾನು ಇಷ್ಟು ಹೇಳುವಾಗ ಮನೆಯೊಡತಿ ಬಾಗಿಲಲ್ಲಿ ನಿಂತಿದ್ದರು. ಅವರ ಅತ್ತೆ ಒಳಗಿನ ಕೋಣೆಯಲ್ಲಿ ಮಲಗಿದ್ದಾರೆ, ಎದ್ದು ಓಡಾಡಲು ಆಗುವುದಿಲ್ಲ. ಸಾಮಾನ್ಯವಾಗಿ ಚರ್ಚೆಯಲ್ಲಿ ಅವರು ಮಾತೇ ಆಡುವುದಿಲ್ಲ.

"ದಿನಾ ಮೈ ತೊಳಸ್ತಿದ್ರು ಅಂತ ಬರದಾರಲ್ಲಾ, ನೀರು ಬಿಸಿ ಆಗೇತೋ ಇಲ್ಲೋ ಅಂತ ಕೈ ಅದ್ದಿ ನೋಡ್ತಿದ್ರಂತ ಏನು?" ಅಂದರು. "ಬೆನ್ನಿಗೆ ಹುಣ್ಣು ಆಗಿರ್ತಾವ ಹಂಗ ಮಲಗಿದವರಿಗೆ. ಅದರ ಸುದ್ದಿ ಇಲ್ಲೇನು?"

ಮಾಸ್ತರು ಪುಸ್ತಕ ತೆರೆದು ಮೊದಲ ಪುಟವನ್ನು ಮತ್ತೆ ಗಟ್ಟಿಯಾಗಿ ಓದಲು ಶುರು ಮಾಡಿದರು. ಎರಡನೇ ವಾಕ್ಯ ಮುಗಿಯುವ ಮೊದಲೇ ಹುಡುಗಿಯೂ ನಾನೂ ಒಟ್ಟಿಗೆ ಬಾಯಿ ಹಾಕಿದೆವು. ಔಷಧದವರು ಇನ್ನೊಂದು ತಟ್ಟೆ ಗಿರಮಿಟ್ಟು ಕೇಳಿದರು.